ಸರ್ರಾ ರೋಗಾಣುವಿನ ಸಕ್ಕರೆ ಚೀಲ



ಮಳೆಗಾಲದಲ್ಲೂ ಮಳೆ ನಿಂತ ನಂತರದ ದಿನಗಳಲ್ಲೂ ರಕ್ತ ಹೀರುವ ದೊಡ್ಡ ನೊಣಗಳ ಕಾಟ ಹೆಚ್ಚು. ಆಗ ಕೆಲವು ಹಸು, ಎಮ್ಮೆಗಳಿಗೆ ಜ್ವರ ಬಂದು ಇಳಿಯುತ್ತದೆ, ಮತ್ತೆ ಬರುತ್ತದೆ. ಮೇವು ತಿಂದರೂ ರಾಸು ಬಡಕಲಾಗುತ್ತದೆ, ಹಾಲು ಕಡಿಮೆಯಾಗುತ್ತದೆ, ಕಣ್ಣಿನ ಒಳರೆಪ್ಪೆ ಬಿಳಿಚಿಕೊಳ್ಳುತ್ತದೆ. ಕೆಲವು ರಾಸುಗಳು ಸುತ್ತು ಹಾಕುತ್ತವೆ, ಗಬ್ಬದ ರಾಸುಗಳು ಕಂದು ಹಾಕುವುದೂ ಉಂಟು. ಇವು ಸರ್ರಾ ರೋಗದ ಲಕ್ಷಣಗಳಾಗಿರಬಹುದು.

1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯರು ಅಂದಿನ ಪಂಜಾಬಿನ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಈ ರೋಗಾಣುವನ್ನು ಪತ್ತೆ ಹಚ್ಚಿದರು. ಅವರ ಹೆಸರಿನಿಂದಲೇ ಅದನ್ನು ಟ್ರಿಪನೊಸೋಮಾ ಇವಾನ್ಸಿ ಎನ್ನುತ್ತಾರೆ.

ರೋಗಾಣುವಿನ ಆಹಾರ ಯಾವುದು?

ಈ ಒಂದೇ ಜೀವಕೋಶದ ಪ್ರಾಣಿ ರಕ್ತದಲ್ಲಿ ಈಜಾಡುತ್ತ ಅಲ್ಲಿಯ ಗ್ಲೂಕೋಸನ್ನೇ ನಂಬಿ ಬದುಕುತ್ತದೆ. ಹಾಲಿನ ಲ್ಯಾಕ್ಟೋಸ್ ತಯಾರಾಗುವುದೂ ಅದೇ ಗ್ಲೂಕೋಸಿನಿಂದ ಎಂಬುದನ್ನು ನೆನಪಿಡಿ. ನಮ್ಮ ದೇಹದಲ್ಲಿ, ರಾಸುಗಳ ದೇಹದಲ್ಲಿ ಗ್ಲೂಕೋಸ್ ಒಡೆಯುವ ಹತ್ತು ಹಂತಗಳೂ ಜೀವಕೋಶದ ದ್ರವದಲ್ಲೇ ನಡೆಯುತ್ತವೆ. ಈ ರೋಗಾಣುವಿನ ವ್ಯವಸ್ಥೆ ಬೇರೆ. ಮೊದಲ ಏಳು ಹಂತಗಳು ಪೊರೆಯಿಂದ ಸುತ್ತುವರಿದ ಪುಟ್ಟ ಚೀಲಗಳೊಳಗೆ ನಡೆದು, ಉಳಿದ ಮೂರು ಮಾತ್ರ ಹೊರಗೆ ನಡೆಯುತ್ತವೆ. ಈ ಚೀಲಗಳಿಗೆ ಗ್ಲೈಕೋಸೋಮ್ ಎಂದು ಹೆಸರು. ಇದರ ಹತ್ತಿರದ ಬಂಧುವಾದ ಆಫ್ರಿಕಾದ ಟ್ರಿಪನೊಸೋಮಾ ಬ್ರೂಸಿಯಲ್ಲಿ ಒಪ್ಪರ್ಡೂಸ್ ಮತ್ತು ಬೋರ್ಸ್ಟ್ ಎಂಬ ವಿಜ್ಞಾನಿಗಳು 1977ರಲ್ಲಿ ಇವನ್ನು ವಿವರಿಸಿದರು.

ಚೀಲ ಏಕೆ ಬೇಕು?

ಒಂದು ಉದಾಹರಣೆ ನೋಡಿ. ಹಿಂಡಿಗೆ 2 ರೂಪಾಯಿ ಹಾಕಿದರೆ ಹಾಲಿನಿಂದ 4 ರೂಪಾಯಿ ಬರುತ್ತದೆ ಎನ್ನೋಣ. ಬಂದ ಹಣವೆಲ್ಲ ಕೈಗೆ ಸಿಗುವಂತಿದ್ದರೆ ದುಡುಕಿನವನು ಅಷ್ಟಕ್ಕೂ ಹಿಂಡಿಯನ್ನೇ ತಂದು ಗುಡ್ಡೆ ಹಾಕುತ್ತಾನೆ; ಮನೆ ಖರ್ಚಿಗೆ ಕಾಸು ಉಳಿಯುವುದಿಲ್ಲ. ಹಿಂಡಿಯ ಹಣಕ್ಕೆ ಬೇರೆ ಪೆಟ್ಟಿಗೆ ಇಟ್ಟು, ಹಾಕಿದ 2 ರೂಪಾಯಿ ವಾಪಸು ಬಂದ ಮೇಲೆಯೇ ಮತ್ತೆ ಖರೀದಿ ಎಂದರೆ ಲಾಭದ 2 ರೂಪಾಯಿ ಮನೆಗೆ ಉಳಿಯುತ್ತದೆ.

ಗ್ಲೂಕೋಸ್ ಒಡೆಯುವುದೂ ಹೀಗೆಯೇ. ಆರಂಭದಲ್ಲಿ ಎಟಿಪಿ ಎಂಬ ಶಕ್ತಿಯ ನಾಣ್ಯ 2 ಖರ್ಚಾಗಿ ಕೊನೆಗೆ 4 ಬರುತ್ತವೆ. ನಮ್ಮ ಜೀವಕೋಶದಲ್ಲಿ ಮೊದಲ ಹಂತಕ್ಕೆ ಕಡಿವಾಣವಿದೆ. ರೋಗಾಣುವಿಗೆ ಆ ಕಡಿವಾಣವಿಲ್ಲ. ಅದರ ಚೀಲವೇ ಬೇರೆ ಪೆಟ್ಟಿಗೆ. ಖರ್ಚಾದ 2 ಚೀಲದೊಳಗೇ ಮರಳಿ ಬರುತ್ತವೆ, ಲಾಭದ 2 ಹೊರಗೆ ಸಿಗುತ್ತವೆ. ಚೀಲ ಕೆಟ್ಟರೆ ಶಕ್ತಿಯೆಲ್ಲ ಮೊದಲ ಹಂತಗಳಲ್ಲೇ ಸೋರಿ, ತಿನ್ನುವ ಸಕ್ಕರೆಯೇ ರೋಗಾಣುವಿಗೆ ವಿಷವಾಗುತ್ತದೆ.

ಆದ್ದರಿಂದ ವಿಜ್ಞಾನಿಗಳು ಈ ಚೀಲದ ಮೇಲೆ ಕಣ್ಣಿಟ್ಟಿದ್ದಾರೆ. ಚೀಲದೊಳಗೆ ಕಿಣ್ವಗಳು ಸೇರದಂತೆ ತಡೆಯುವ ರಾಸಾಯನಿಕಗಳು ಟ್ರಿಪನೊಸೋಮಾಗಳನ್ನು ಕೊಲ್ಲುತ್ತವೆ ಎಂದು 2017ರಲ್ಲಿ ಪ್ರಕಟವಾಯಿತು. ಅಂಥ ಔಷಧಿ ಇನ್ನೂ ನಮ್ಮ ಕೊಟ್ಟಿಗೆಗೆ ಬಂದಿಲ್ಲ.

ತಾವು ಮಾಡಬೇಕಾದದ್ದು

ಸಕ್ಕರೆ ಸಿಗದಂತೆ ಮಾಡೋಣವೆಂದು ರಾಸಿಗೆ ಮೇವು ಕಡಿಮೆ ಮಾಡಬೇಡಿ. ಮೆಲುಕು ಹಾಕುವ ಪ್ರಾಣಿಗಳಲ್ಲಿ ಗ್ಲೂಕೋಸನ್ನು ಹೆಚ್ಚಾಗಿ ಯಕೃತ್ತೇ ತಯಾರಿಸುತ್ತದೆ. ಉಪವಾಸ ಕೆಡವಿದರೆ ಸೊರಗುವುದು ರಾಸೇ ಹೊರತು ರೋಗಾಣುವಲ್ಲ.

ಈ ರೋಗಾಣು ತನ್ನ ಮೇಲ್ಹೊದಿಕೆಯನ್ನು ಆಗಾಗ ಬದಲಿಸುವುದರಿಂದ ಲಸಿಕೆ ಇಲ್ಲ. ಜ್ವರ ಇರುವಾಗಲೇ ಪಶುವೈದ್ಯರಿಂದ ರಕ್ತ ಲೇಪನ ಪರೀಕ್ಷೆ ಮಾಡಿಸಿ. ಜ್ವರ ಇಳಿದ ಮೇಲೆ ರೋಗಾಣು ಕಣ್ಣಿಗೆ ಬೀಳದೆ ಹೋಗಬಹುದು. ಚುಚ್ಚುಮದ್ದನ್ನು ರಾಸಿನ ತೂಕಕ್ಕೆ ತಕ್ಕಂತೆ ಪೂರ್ಣ ಪ್ರಮಾಣದಲ್ಲೇ ಕೊಡಿಸಿ. ಅರ್ಧ ಮದ್ದು ಕೊಟ್ಟರೆ ಉಳಿದ ರೋಗಾಣುಗಳು ಔಷಧಿಗೆ ಬಗ್ಗದಂತಾಗುತ್ತವೆ. ಒಂದೇ ಸೂಜಿಯನ್ನು ಹಲವು ರಾಸುಗಳಿಗೆ ಬಳಸಬೇಡಿ. ಕೊಟ್ಟಿಗೆಯ ಸುತ್ತ ಸಗಣಿ, ನೀರು ನಿಲ್ಲದಂತೆ ನೋಡಿಕೊಂಡು ನೊಣಗಳನ್ನು ಹತೋಟಿಯಲ್ಲಿಡಿ.

ಬಂದು ಹೋಗುವ ಜ್ವರವನ್ನು ಅಲಕ್ಷಿಸದೆ ಸಕಾಲದಲ್ಲಿ ಚಿಕಿತ್ಸೆ ಕೊಡಿಸಿ, ತಮ್ಮ ರಾಸನ್ನೂ ಹಾಲನ್ನೂ ಉಳಿಸಿಕೊಳ್ಳಿ.