ಮಾತಾಡ್ತಾ ಓಡೋಣ



ನಾವೆಲ್ಲ ಒಂದು ಕಾಲದಲ್ಲಿ ಓಡಿದವರೇ. ಕುಂಟೆಬಿಲ್ಲೆ ಆಡಿದೆವು. ಕಣ್ಣಾಮುಚ್ಚಾಲೆ ಆಡಿದೆವು. ಹಗ್ಗ ಕಿತ್ತುಕೊಂಡ ಕರುವಿನ ಹಿಂದೆ ಓಡಿದೆವು. ಓಡುವುದನ್ನು ನಮಗೆ ಯಾರೂ ಕಲಿಸಲಿಲ್ಲ.

ಆಮೇಲೆ ಒಂದು ದಿನ ಮನೆಯಲ್ಲಿ ಹೇಳಿದರು: "ದೊಡ್ಡವಳಾದೆ. ಇನ್ನು ಹಾಗೆಲ್ಲ ಓಡಬಾರದು." ಅಲ್ಲಿಗೆ ನಮ್ಮ ಓಟ ನಿಂತಿತು. ಈಗ ನಾವು ಓಡೋದು ಬಸ್ಸು ಹಿಡಿಯೋಕೆ ಮಾತ್ರ. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಏದುಸಿರು ಬರುತ್ತದೆ.

ನಿಂತುಹೋದ ಆ ಓಟವನ್ನು ಮತ್ತೆ ಶುರು ಮಾಡಬಹುದೇ? ಮಾಡಬಹುದು. ಮೂವತ್ತರಲ್ಲೂ ಮಾಡಬಹುದು, ಐವತ್ತರಲ್ಲೂ ಮಾಡಬಹುದು. ಹೇಗೆ ಅಂತ ಈ ಪಾಠದಲ್ಲಿ ನೋಡೋಣ.

ದುಡಿಯೋದು ಸಾಲದಾ?

"ಬೆಳಗ್ಗೆ ಎದ್ದಾಗಿನಿಂದ ದುಡೀತೀವಿ. ಇನ್ನು ಓಟ ಬೇರೆ ಯಾಕಮ್ಮ?" ಎಂದು ನೀವು ಕೇಳಬಹುದು. ನ್ಯಾಯವಾದ ಮಾತು. ಕಳೆ ತೆಗೆಯುವುದು, ನೀರು ಹೊರುವುದು ದೊಡ್ಡ ಶ್ರಮವೇ. ದಿನವಿಡೀ ಬಗ್ಗಿ ನಾಟಿ ಮಾಡಿದ ದಿನ ಓಡಬೇಡಿ. ಅಂದು ಮೈಗೆ ಬೇಕಾದದ್ದು ವಿಶ್ರಾಂತಿ.

ಆದರೆ ಎಲ್ಲರ ಕೆಲಸವೂ ಹಾಗಿಲ್ಲ. ಕೆಲವರು ಕೂತು ಬೀಡಿ ಕಟ್ಟುತ್ತೇವೆ. ಕೆಲವರು ಹೊಲಿಗೆ ಮಷೀನಿನ ಮುಂದೆ ಕೂರುತ್ತೇವೆ. ಇಲ್ಲಿ ಕಣ್ಣು ಸೋಲುತ್ತದೆ, ಬೆನ್ನು ಸೋಲುತ್ತದೆ. ಹೃದಯಕ್ಕೆ ಮಾತ್ರ ಸಾಕಷ್ಟು ಕೆಲಸ ಸಿಗುವುದಿಲ್ಲ.

ನಮ್ಮ ತೋಳಿನ ಹಾಗೆ ಹೃದಯವೂ ಮಾಂಸಖಂಡವೇ. ಕೆಲಸ ಕೊಟ್ಟರೆ ಗಟ್ಟಿಯಾಗುತ್ತದೆ. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ, ಇಲ್ಲವೇ 75 ನಿಮಿಷ ಓಟದಂತಹ ವ್ಯಾಯಾಮ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದರಿಂದ ಬಿ.ಪಿ. ಮತ್ತು ಸಕ್ಕರೆ ಕಾಯಿಲೆ ಹತೋಟಿಗೆ ಬರಲು ಸಹಾಯವಾಗುತ್ತದೆ. ಮೂಳೆ ಗಟ್ಟಿಯಾಗುತ್ತದೆ. ರಾತ್ರಿ ಒಳ್ಳೆ ನಿದ್ದೆ ಬರುತ್ತದೆ.

ಇನ್ನೊಂದು ಲಾಭವೂ ಇದೆ. ದಿನದ 24 ಗಂಟೆಯಲ್ಲಿ ನಮಗಾಗಿಯೇ ಎಷ್ಟು ಹೊತ್ತು ಇದೆ? ಗಂಡನಿಗೆ, ಮಕ್ಕಳಿಗೆ, ದನಕ್ಕೆ, ಕೂಲಿಗೆ ಎಲ್ಲ ಹಂಚಿಹೋಗುತ್ತದೆ. ಓಡುವ ಅರ್ಧ ಗಂಟೆ ಮಾತ್ರ ನಮ್ಮದು.

ಹೆಂಗಸರಿಗೆ ಆಗಲ್ಲ ಅಂದವರು ಯಾರು?

ಹೆಂಗಸರು ದೂರ ಓಡಲಾರರು ಎಂದು ದೊಡ್ಡ ದೊಡ್ಡ ದೇಶಗಳಲ್ಲೂ ಹೇಳುತ್ತಿದ್ದರು. 1928ರಲ್ಲಿ ಒಲಿಂಪಿಕ್ ಕ್ರೀಡೆಯಲ್ಲಿ ಮಹಿಳೆಯರು 800 ಮೀಟರ್ ಓಡಿದರು. ಓಟ ಮುಗಿದಾಗ ಅವರಿಗೆ ಸುಸ್ತಾಗಿತ್ತು. ಅಷ್ಟಕ್ಕೇ, "ಇದು ಹೆಂಗಸರ ಮೈಗೆ ಒಗ್ಗದು" ಎಂದು ಆ ಓಟವನ್ನೇ ತೆಗೆದುಹಾಕಿದರು. ಅದು ಮತ್ತೆ ಬಂದದ್ದು 1960ರಲ್ಲಿ. ಓಡಿದರೆ ಗಂಡಸರಿಗೂ ಸುಸ್ತಾಗುತ್ತದೆ. ಅವರ ಓಟವನ್ನು ಯಾರೂ ತೆಗೆಯಲಿಲ್ಲ!

ಅಮೆರಿಕದ ಬಾಸ್ಟನ್ ನಗರದಲ್ಲಿ ಪ್ರತಿ ವರ್ಷ ಮ್ಯಾರಥಾನ್ ಓಟ ನಡೆಯುತ್ತದೆ. ಮ್ಯಾರಥಾನ್ ಅಂದರೆ 42 ಕಿಲೋಮೀಟರ್‌ಗಿಂತ ಸ್ವಲ್ಪ ಹೆಚ್ಚು ದೂರದ ಓಟ. ಅಲ್ಲಿ ಮಹಿಳೆಯರಿಗೆ ಪ್ರವೇಶ ಇರಲಿಲ್ಲ. 1966ರಲ್ಲಿ ಬಾಬಿ ಗಿಬ್ ಎಂಬ ಯುವತಿ ಪೊದೆಯ ಹಿಂದೆ ಅಡಗಿ ಕೂತರು. ಓಟ ಶುರುವಾದಾಗ ಗುಂಪಿನೊಳಗೆ ಸೇರಿ ಕೊನೆಯವರೆಗೂ ಓಡಿದರು.

ಮರುವರ್ಷ, 1967ರಲ್ಲಿ, ಕ್ಯಾಥರೀನ್ ಸ್ವಿಟ್ಜರ್ ಎಂಬ ವಿದ್ಯಾರ್ಥಿನಿ ಅರ್ಜಿ ಹಾಕಿದರು. ಅರ್ಜಿಯಲ್ಲಿ "ಕೆ.ವಿ. ಸ್ವಿಟ್ಜರ್" ಎಂದು ಬರೆದರು. ಅದು ಹೆಣ್ಣಿನ ಹೆಸರು ಎಂದು ಯಾರಿಗೂ ತಿಳಿಯಲಿಲ್ಲ. ಅವರಿಗೆ 261ನೇ ನಂಬರು ಸಿಕ್ಕಿತು. ಓಡುತ್ತಿರುವಾಗ ಒಬ್ಬ ಅಧಿಕಾರಿ ಹಿಂದಿನಿಂದ ಬಂದು ಆ ನಂಬರಿನ ಚೀಟಿ ಕೀಳಲು ನೋಡಿದ. ಜೊತೆಗಿದ್ದ ಗೆಳೆಯ ಅವನನ್ನು ತಳ್ಳಿದ. ಸ್ವಿಟ್ಜರ್ ಓಟ ನಿಲ್ಲಿಸಲಿಲ್ಲ, ಮುಗಿಸಿದರು.

1972ರಲ್ಲಿ ಬಾಸ್ಟನ್ ಓಟದ ಬಾಗಿಲು ಮಹಿಳೆಯರಿಗೆ ತೆರೆಯಿತು. 1984ರಲ್ಲಿ ಒಲಿಂಪಿಕ್ ಕ್ರೀಡೆಯಲ್ಲೂ ಮಹಿಳೆಯರ ಮ್ಯಾರಥಾನ್ ಬಂತು. 2017ರಲ್ಲಿ ಸ್ವಿಟ್ಜರ್ ಬಾಸ್ಟನ್‌ನಲ್ಲಿ ಮತ್ತೆ ಓಡಿದರು. ಅದೇ 261ನೇ ನಂಬರು. ಆಗ ಅವರ ವಯಸ್ಸು 70.

ಅಷ್ಟು ದೂರ ಯಾಕೆ? ನಮ್ಮ ಪಕ್ಕದ ಮಹಾರಾಷ್ಟ್ರವನ್ನೇ ನೋಡಿ. ಬಾರಾಮತಿಯ ಲತಾ ಭಗವಾನ್ ಕರೆ ಕೂಲಿ ಮಾಡಿ ಬದುಕಿದವರು. ಗಂಡನಿಗೆ ಕಾಯಿಲೆಯಾಯಿತು. ಪರೀಕ್ಷೆ ಮಾಡಿಸಲು ಹಣ ಇರಲಿಲ್ಲ. ಊರಿನಲ್ಲಿ ಹಿರಿಯರಿಗಾಗಿ 3 ಕಿಲೋಮೀಟರ್ ಓಟ ಇದೆ, ಗೆದ್ದರೆ ಬಹುಮಾನ ಉಂಟು ಎಂದು ತಿಳಿಯಿತು. ಅರವತ್ತು ದಾಟಿದ ಆ ತಾಯಿ ಕಚ್ಚೆ ಸೀರೆ ಉಟ್ಟು, ಬರಿಗಾಲಲ್ಲಿ ಓಡಿ ಗೆದ್ದರು. ಅವರ ಕಥೆ 2020ರಲ್ಲಿ ಸಿನಿಮಾ ಆಯಿತು. ಅದರಲ್ಲಿ ಅವರೇ ಪಾತ್ರ ಮಾಡಿದ್ದಾರೆ.

ನಾವು ಬಹುಮಾನಕ್ಕೆ ಓಡಬೇಕಾಗಿಲ್ಲ. ನಮ್ಮ ಆರೋಗ್ಯಕ್ಕೆ ಓಡಿದರೆ ಸಾಕು.

ಮೊದಲು ಮೈ ಪರೀಕ್ಷೆ

ಓಡುವ ಮುಂಚೆ ಒಂದು ಕೆಲಸ ಇದೆ. ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ 15ರಿಂದ 49 ವರ್ಷದ 100 ಮಹಿಳೆಯರಲ್ಲಿ 57 ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ಸುಮಾರು 48 ಮಂದಿಗೆ ಇದೆ. ಅಂದರೆ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರಿಗೆ.

ರಕ್ತದಲ್ಲಿ ಹಿಮೋಗ್ಲೋಬಿನ್ ಎಂಬ ಅಂಶ ಇದೆ. ನಾವು ಎಳೆದುಕೊಂಡ ಉಸಿರನ್ನು ಮೈಯೆಲ್ಲ ಹೊತ್ತು ತಿರುಗುವುದು ಅದೇ. ಬಸುರಿಯಲ್ಲದ ಮಹಿಳೆಗೆ ಅದು 12 ಗ್ರಾಂ ಆದರೂ ಇರಬೇಕು. ಕಡಿಮೆ ಇದ್ದರೆ ಬೇಗ ಸುಸ್ತು, ಎದೆಬಡಿತ, ತಲೆಸುತ್ತು ಬರುತ್ತದೆ. "ನನ್ನ ಕೈಲಿ ಆಗಲ್ಲ" ಎಂದು ನಾವು ಅಂದುಕೊಳ್ಳುತ್ತೇವೆ. ಅದು ಸೋಮಾರಿತನ ಅಲ್ಲ, ರಕ್ತದ ಕೊರತೆ. ವೈದ್ಯರು ಹೇಳಿದಂತೆ ಕಬ್ಬಿಣಾಂಶದ ಮಾತ್ರೆ ತೆಗೆದುಕೊಳ್ಳಿ. ಸೊಪ್ಪು, ಕಾಳು ತಿನ್ನಿ. ಜೊತೆಗೆ ನಿಂಬೆಹಣ್ಣು ಹಿಂಡಿಕೊಳ್ಳಿ. ಊಟವಾದ ಕೂಡಲೇ ಟೀ, ಕಾಫಿ ಬೇಡ. ಮೊದಲು ರಕ್ತ ಸರಿಯಾಗಲಿ. ಆಮೇಲೆ ಓಟ.

ಇವರು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು:

ಹೃದಯದ ಕಾಯಿಲೆ, ಬಿ.ಪಿ., ಸಕ್ಕರೆ ಕಾಯಿಲೆ ಇರುವವರು.
ಬಸುರಿಯರು, ಬಾಣಂತಿಯರು.
ಹೊಟ್ಟೆಯ ಆಪರೇಷನ್ ಆದವರು.
ಗರ್ಭಕೋಶ ಜಾರಿದವರು.

ಕೆಮ್ಮಿದಾಗ, ಓಡಿದಾಗ ಕೆಲವರಿಗೆ ಮೂತ್ರ ಹನಿಯುತ್ತದೆ. ಹೇಳಿಕೊಳ್ಳಲು ನಾಚಿಕೆ ಬೇಡ. ಇದಕ್ಕೆ ಚಿಕಿತ್ಸೆ ಇದೆ. ನರ್ಸಮ್ಮನನ್ನು ಇಲ್ಲವೇ ಆಶಾ ಕಾರ್ಯಕರ್ತೆಯನ್ನು ಕೇಳಿ.

ಓಡುವುದು ಹೇಗೆ?

ಹೊಸಬರು ಮಾಡುವ ತಪ್ಪು ಒಂದೇ. ಮೊದಲ ದಿನವೇ ಜೋರಾಗಿ ಓಡುತ್ತಾರೆ. ಎರಡನೇ ದಿನ ಕಾಲು ನೋವು. ಮೂರನೇ ದಿನ ಓಟ ಬಂದ್.

ಹಾಗಾದರೆ ಎಷ್ಟು ನಿಧಾನ ಓಡಬೇಕು? ಇದಕ್ಕೆ ಯಂತ್ರ ಬೇಡ. ನಮ್ಮ ಅಜ್ಜಿಯರು ಪದ ಹೇಳುತ್ತಾ ರಾಗಿ ಬೀಸುತ್ತಿದ್ದರು. ಕೈ ತಿರುಗುತ್ತಿತ್ತು, ಪದವೂ ಸಾಗುತ್ತಿತ್ತು. ಅದೇ ಲೆಕ್ಕ ಇಲ್ಲಿಯೂ. ಪಕ್ಕದವಳ ಜೊತೆ ಮಾತಾಡುತ್ತಾ ಓಡಿ. ಒಂದು ಮಾತನ್ನು ಪೂರ್ತಿ ಹೇಳಲು ಆದರೆ ಓಟ ಸರಿಯಾಗಿದೆ. ಮಧ್ಯದಲ್ಲೇ ಉಸಿರು ಕಟ್ಟಿದರೆ ಓಟ ಜೋರಾಯಿತು ಎಂದು ಅರ್ಥ. ಆಗ ನಿಧಾನ ಮಾಡಿ, ಇಲ್ಲವೇ ನಡೆಯಿರಿ. ನಡೆದರೆ ಸೋತಂತೆ ಅಲ್ಲ.

ವಾರಕ್ಕೆ ಮೂರು ದಿನ ಸಾಕು. ಮಧ್ಯೆ ಒಂದೊಂದು ದಿನ ಬಿಡುವು ಇರಲಿ. ಉಸಿರು ಬೇಗ ಪಳಗುತ್ತದೆ. ಮೂಳೆ, ಕೀಲು ಗಟ್ಟಿಯಾಗಲು ಹೆಚ್ಚು ಸಮಯ ಬೇಕು. ಅದಕ್ಕೇ ಆತುರ ಬೇಡ.

ಪ್ರತಿ ಸಲ ಮೊದಲು 5 ನಿಮಿಷ ನಡೆಯಿರಿ. ಕೊನೆಗೂ 5 ನಿಮಿಷ ನಡೆಯಿರಿ. ನಡುವೆ ಹೀಗೆ ಮಾಡಿ:

1 ಮತ್ತು 2ನೇ ವಾರ: 1 ನಿಮಿಷ ಓಟ, 2 ನಿಮಿಷ ನಡಿಗೆ. ಹೀಗೆ 7 ಸಲ.
3 ಮತ್ತು 4ನೇ ವಾರ: 2 ನಿಮಿಷ ಓಟ, 2 ನಿಮಿಷ ನಡಿಗೆ. 5 ಸಲ.
5 ಮತ್ತು 6ನೇ ವಾರ: 3 ನಿಮಿಷ ಓಟ, 1 ನಿಮಿಷ ನಡಿಗೆ. 5 ಸಲ.
7 ಮತ್ತು 8ನೇ ವಾರ: 5 ನಿಮಿಷ ಓಟ, 1 ನಿಮಿಷ ನಡಿಗೆ. 4 ಸಲ.
9ನೇ ವಾರ: 10 ನಿಮಿಷ ಓಟ, 1 ನಿಮಿಷ ನಡಿಗೆ. 2 ಸಲ.
10ನೇ ವಾರ: 20 ನಿಮಿಷ ನಿಲ್ಲದೆ ಓಟ.

ಗಡಿಯಾರ ಇಲ್ಲವೇ? ಕರೆಂಟ್ ಕಂಬ ಎಣಿಸಿ. ಮೊದಲ ವಾರ ಎರಡು ಕಂಬದ ದೂರ ಓಡಿ, ಮೂರು ಕಂಬದ ದೂರ ನಡೆಯಿರಿ. ಒಂದು ವಾರದ್ದು ಕಷ್ಟವಾದರೆ ಅದನ್ನೇ ಇನ್ನೊಂದು ವಾರ ಮಾಡಿ. ಯಾರೂ ನಮ್ಮನ್ನು ಅಟ್ಟಿಸಿಕೊಂಡು ಬರುತ್ತಿಲ್ಲ.

ಹೆಜ್ಜೆ ಚಿಕ್ಕದಾಗಿರಲಿ. ಭುಜ ಸಡಿಲ ಬಿಡಿ. ಮೂಗು, ಬಾಯಿ ಎರಡರಿಂದಲೂ ಉಸಿರಾಡಿ.

ಮಾಂಸಖಂಡ ಸ್ವಲ್ಪ ಬಿಗಿದರೆ ಹೆದರಬೇಡಿ. ಎರಡು ದಿನದಲ್ಲಿ ಹೋಗುತ್ತದೆ. ಮೂಳೆಯ ಒಂದೇ ಜಾಗದಲ್ಲಿ ನೋವಿದ್ದರೆ, ಕೀಲು ಊದಿದರೆ ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಎದೆನೋವು ಬಂದರೆ, ಕಣ್ಣು ಕತ್ತಲೆ ಬಂದರೆ ಆ ಕ್ಷಣವೇ ನಿಲ್ಲಿಸಿ. ಜೊತೆಯವರನ್ನು ಕರೆದು ಆಸ್ಪತ್ರೆಗೆ ಹೋಗಿ.

ಬಟ್ಟೆ, ಚಪ್ಪಲಿ, ಊಟ

ಚೂಡಿದಾರ್ ಇದ್ದರೆ ಒಳ್ಳೆಯದು. ಸೀರೆಯಾದರೆ ಕಾಲಿಗೆ ತೊಡರದ ಹಾಗೆ ಎತ್ತಿ ಕಟ್ಟಿ. ದುಪಟ್ಟಾ, ಸೆರಗು ಗಂಟು ಹಾಕಿ. ಒಳಗೆ ಬಿಗಿಯಾದ ಬ್ರಾ ಇರಲಿ. ಹವಾಯಿ ಚಪ್ಪಲಿ ಹಾಕಿ ಓಡಬೇಡಿ, ಜಾರುತ್ತದೆ. ಕಾಲಿಗೆ ಸರಿಹೊಂದುವ ಬೂಟು ಸಾಕು. ಬೆಲೆ ಹೆಚ್ಚಿನದೇ ಬೇಕೆಂದಿಲ್ಲ.

ಹೊಟ್ಟೆ ತುಂಬ ಉಂಡ ಕೂಡಲೇ ಓಡಬೇಡಿ. ಎರಡು ಮೂರು ಗಂಟೆ ಬಿಡಿ. ಬೆಳಗ್ಗೆಯಾದರೆ ಒಂದು ಬಾಳೆಹಣ್ಣು ಸಾಕು. ಓಡಿ ಬಂದ ಮೇಲೆ ನೀರು ಕುಡಿಯಿರಿ. ರಾಗಿ ಅಂಬಲಿ, ಮಜ್ಜಿಗೆ ಕುಡಿಯಿರಿ. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ತಿನ್ನುವ ಅಭ್ಯಾಸ ಬಿಡಿ. ಓಡುವ ಮೈಗೆ ಊಟ ಬೇಕು.

ಮುಟ್ಟಿನ ದಿನ ಓಡಬಹುದಾ? ಮೈ ಒಪ್ಪಿದರೆ ಓಡಬಹುದು. ಹೊಟ್ಟೆನೋವು ಇದ್ದರೆ ಬಿಡಿ.

ಊರಿನವರು ಏನಂತಾರೆ?

ಮೊದಲ ವಾರ ನಗುತ್ತಾರೆ. "ಯಾರ ಮನೆಗೆ ಬೆಂಕಿ ಬಿತ್ತು?" ಎಂದು ಕೇಳುತ್ತಾರೆ. ರಾತ್ರಿ ಶಾಲೆಗೆ ಸ್ಲೇಟು ಹಿಡಿದು ಹೊರಟಾಗಲೂ ಹೀಗೆಯೇ ನಕ್ಕಿದ್ದರು. "ಈ ವಯಸ್ಸಲ್ಲಿ ಅಕ್ಷರ ಕಲಿತು ಯಾವ ಆಫೀಸಿಗೆ ಹೋಗ್ತೀಯ?" ಅಂದಿದ್ದರು. ಇವತ್ತು ಅವರ ಮನೆಗೆ ಬಂದ ಕಾಗದವನ್ನು ನಾವೇ ಓದಿ ಹೇಳುತ್ತೇವೆ.

ಒಬ್ಬರೇ ಹೋಗಬೇಡಿ. ಮೂರು ನಾಲ್ಕು ಜನ ಸೇರಿ. ಬೆಳಕು ಹರಿದ ಮೇಲೆ ಹೊರಡಿ. ಶಾಲೆಯ ಬಯಲು, ಕೆರೆ ಏರಿ, ಜನ ಓಡಾಡುವ ದಾರಿ ಒಳ್ಳೆಯದು. ರಸ್ತೆಯಲ್ಲಾದರೆ ಎದುರಿನಿಂದ ಬರುವ ಗಾಡಿ ಕಾಣುವ ಹಾಗೆ ಬಲಗಡೆ ಓಡಿ. ಆ ಅರ್ಧ ಗಂಟೆ ಒಲೆ ನೋಡಿಕೊಳ್ಳಲು, ಮಗುವನ್ನು ಎತ್ತಿಕೊಳ್ಳಲು ಮನೆಯವರಿಗೆ ಹೇಳಿ. ಮನೆ ಎಲ್ಲರದ್ದೂ ತಾನೇ?

ಬರೆದಿಡೋಣ

ನಮಗೀಗ ಬರೆಯಲು ಬರುತ್ತದೆ. ಒಂದು ನೋಟ್‌ಬುಕ್ ಇಡಿ. ತಾರೀಕು ಬರೆಯಿರಿ. ಎಷ್ಟು ನಿಮಿಷ ಓಡಿದೆ ಎಂದು ಬರೆಯಿರಿ. ಮೈ ಹೇಗಿತ್ತು ಎಂದು ಒಂದು ಮಾತು ಬರೆಯಿರಿ. ಮೊದಲ ಪುಟದಲ್ಲಿ ನಿಮ್ಮ ಹೆಸರು ಇರಲಿ.

ಸ್ವಿಟ್ಜರ್ ಅವರ ಅರ್ಜಿಯಲ್ಲಿ ಅದು ಹೆಣ್ಣಿನ ಹೆಸರು ಎಂದು ಕಾಣಲಿಲ್ಲ. ನಮ್ಮ ಪುಸ್ತಕದಲ್ಲಿ ಕಾಣಲಿ. ಪೂರ್ತಿ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆಯೋಣ.

ನಾಳೆ ಬೆಳಗ್ಗೆ ಎರಡು ಕಂಬ. ಬರ್ತೀರಾ?

ಓದಿ, ಮಾತಾಡಿ, ಬರೆಯಿರಿ

1. ಓಟ ಜೋರಾಯಿತು ಎಂದು ತಿಳಿಯುವುದು ಹೇಗೆ?
2. ರಕ್ತದಲ್ಲಿ ಹಿಮೋಗ್ಲೋಬಿನ್ ಎಷ್ಟು ಗ್ರಾಂ ಇರಬೇಕು? ನಿಮ್ಮದು ಎಷ್ಟಿದೆ?
3. 3ನೇ ವಾರ ಒಂದು ದಿನಕ್ಕೆ ಒಟ್ಟು ಎಷ್ಟು ನಿಮಿಷ ಓಡುತ್ತೀರಿ? ಲೆಕ್ಕ ಮಾಡಿ.
4. ನೀವು ಕೊನೆಯ ಸಲ ಖುಷಿಗಾಗಿ ಓಡಿದ್ದು ಯಾವಾಗ? ಎರಡು ಸಾಲು ಬರೆಯಿರಿ.