ನಾಯಿಯ ಎದುರು ನಿಂತ ಪ್ಲೇಟು

ತುತ್ತೂರಿಗೆ ಕಿವಿಗೊಟ್ಟು ಕೂತ ನಾಯಿಯ ಚಿತ್ರ ಅಜ್ಜ-ಅಜ್ಜಿಯರಿಗೆಲ್ಲ ಗೊತ್ತು. ಅದು ‘ಹಿಸ್ ಮಾಸ್ಟರ್ಸ್ ವಾಯ್ಸ್’ ಪ್ಲೇಟುಗಳ ಗುರುತು. ಆ ನಾಯಿಯ ಎದುರು ಇಪ್ಪತ್ತು ವರ್ಷ ನಿಂತು, ಕೊನೆಗೆ ಬಾಗಿಲು ಹಾಕಿದ ಸ್ವದೇಶಿ ಕಂಪನಿಯೊಂದಿತ್ತು. ಅದರ ಪ್ಲೇಟಿನ ಹೆಸರು ‘ಯಂಗ್ ಇಂಡಿಯಾ’. ಗಾಂಧೀಜಿ ನಡೆಸುತ್ತಿದ್ದ ವಾರಪತ್ರಿಕೆಯ ಹೆಸರೂ ಅದೇ.

ನಮ್ಮ ಶಿರಗುಪ್ಪಿಯ ಮನೆಯ ಟ್ರಂಕಿನಲ್ಲಿ ಹಳೆಯ ಪ್ಲೇಟುಗಳು ನಾಲ್ಕಿವೆ. ಅವನ್ನು ಕಂಡ ಮೊಮ್ಮಗಳು, “ಅಜ್ಜಾ, ಇದರಾಗ ಎಷ್ಟು ಹಾಡು ಅದಾವ?” ಎಂದು ಕೇಳಿದಳು. “ಈ ಕಡೆ ಒಂದು, ಆ ಕಡೆ ಒಂದು” ಅಂದೆ. “ಇಷ್ಟು ದೊಡ್ಡ ಪ್ಲೇಟಿಗೆ ಎರಡೇ ಏನು?” ಎಂದು ನಕ್ಕಳು. ನಗಲಿ ಬಿಡಿ. ನಿಮಿಷಕ್ಕೆ 78 ಸುತ್ತು ತಿರುಗುವ ಆ ಪ್ಲೇಟಿನ ಒಂದು ಬದಿಗೆ ಮೂರು ನಿಮಿಷದ ಹಾಡು ಹಿಡಿದರೆ ಹೆಚ್ಚು. ಗಂಟೆಗಟ್ಟಲೆ ಒಂದೇ ರಾಗ ಹಾಡುವ ಗವಾಯಿಗಳೂ ಅಷ್ಟರಲ್ಲೇ ಮುಗಿಸಬೇಕಿತ್ತು.

ಪಕ್ಕದ ಮಿರಜದಲ್ಲಿ ನೆಲೆಸಿದ್ದ ಅಬ್ದುಲ್ ಕರೀಂ ಖಾನ್ ಸಾಹೇಬರು 1937ರಲ್ಲಿ ತೀರಿಕೊಂಡರು. ಇಂದಿಗೂ ಅವರ ದನಿ ಕೇಳುತ್ತದೆಯೆಂದರೆ ಅದು ಇಂಥ ಪ್ಲೇಟುಗಳ ಉಪಕಾರ. ನಮ್ಮ ಗಂಗೂಬಾಯಿ ಹಾನಗಲ್ ಅವರ ಮೊದಲ ಪ್ಲೇಟುಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದವು. ಅವನ್ನು ತಂದದ್ದು ನಾಯಿಯ ಗುರುತಿನ ಕಂಪನಿಯೇ. ಆದರೆ ಹೆಸರಾದವರನ್ನು ದೊಡ್ಡ ಕಂಪನಿ ಕರಾರು ಮಾಡಿ ಇಟ್ಟುಕೊಂಡರೆ, ಹೆಸರಿಲ್ಲದವರು ಎಲ್ಲಿಗೆ ಹೋಗಬೇಕು?

ಅಂಥವರಿಗೆ ಬಾಗಿಲು ತೆರೆದದ್ದು ಯಂಗ್ ಇಂಡಿಯಾ. ಮುಂಬಯಿಯ ನ್ಯಾಷನಲ್ ಗ್ರಾಮೋಫೋನ್ ರೆಕಾರ್ಡ್ ಕಂಪನಿ 1935ರಲ್ಲಿ ಇದನ್ನು ಶುರುಮಾಡಿತು. ಆಗ ಎಷ್ಟೋ ಸಣ್ಣ ಕಂಪನಿಗಳ ಪ್ಲೇಟುಗಳು ಕಲಕತ್ತೆ ಬಳಿಯ ಡಮ್‌ಡಮ್‌ನಲ್ಲಿ, ದೊಡ್ಡ ಕಂಪನಿಯ ಕಾರ್ಖಾನೆಯಲ್ಲೇ ಅಚ್ಚಾಗುತ್ತಿದ್ದವು. ಇವರು ಮಾತ್ರ ವಡಾಳಾದಲ್ಲಿ ತಮ್ಮದೇ ಕಾರ್ಖಾನೆ ಹಾಕಿದರು. ಹೊಸಬರು, ಹವ್ಯಾಸಿಗಳು ಅಲ್ಲಿ ಹಾಡಿದರು. ನನಗೆ ಈ ಧೈರ್ಯವೇ ದೊಡ್ಡದು ಅನ್ನಿಸುತ್ತದೆ.

ಮಕ್ಕಳೇ, ಪ್ಲೇಟು ಮಾಡುತ್ತಿದ್ದುದು ಯಾವುದರಿಂದ ಗೊತ್ತೇ? ಅರಗಿನಿಂದ! ಪಾಂಡವರನ್ನು ಸುಡಲು ದುರ್ಯೋಧನ ಕಟ್ಟಿಸಿದ ಮನೆಯೂ ಅದರದೇ. ಮುತ್ತುಗ, ಬೋರೆ ಮರಗಳ ಮೇಲಿನ ಪುಟ್ಟ ಹುಳುಗಳು ಸ್ರವಿಸುವ ಅಂಟು ಅದು. ಅದಕ್ಕೆ ಕಲ್ಲಿನ ಪುಡಿ, ಕಾಡಿಗೆಯಂಥ ಕಪ್ಪು ಬೆರೆಸಿ, ಕಾಯಿಸಿ, ಲೋಹದ ಎರಡು ಅಚ್ಚುಗಳ ನಡುವೆ ಒತ್ತುತ್ತಿದ್ದರು. ಕೈತಪ್ಪಿ ಬಿದ್ದರೆ ಮಾತ್ರ ಹಂಚಿನ ಹಾಗೆ ಚೂರು.

ಯುದ್ಧದ ವರ್ಷಗಳಲ್ಲಿ ಲೋಕವೆಲ್ಲ ಅರಗಿಗೆ ಕೈಚಾಚಿತು. ಯುದ್ಧ ಮುಗಿಯಿತು, ಸಿನಿಮಾ ಹಾಡುಗಳ ಕಾಲ ಬಂತು. 1955ರ ಹೊತ್ತಿಗೆ ಯಂಗ್ ಇಂಡಿಯಾ ನಿಂತುಹೋಯಿತು.

ಕಿರಾಣಿ ಅಂಗಡಿ ಮುಚ್ಚಿದರೆ ಸಕ್ಕರೆ ಬೇರೆ ಅಂಗಡಿಯಲ್ಲಿ ಸಿಗುತ್ತದೆ. ಪ್ಲೇಟಿನ ಕಂಪನಿ ಹಾಗಲ್ಲ. ಅದರ ಲೋಹದ ಅಚ್ಚು ಗುಜರಿಗೆ ಹೋಯಿತೆಂದರೆ ಆ ಹಾಡನ್ನು ಮತ್ತೆ ಒತ್ತಲು ಬರುವುದಿಲ್ಲ. ಆಮೇಲೆ ಮನೆಮನೆಯಲ್ಲಿ ಉಳಿದ ಪ್ಲೇಟುಗಳೇ ಗತಿ. ಒಬ್ಬ ಗಾಯಕಿಯ ಒಂದೇ ಪ್ಲೇಟು ಬಂದಿದ್ದು, ಅದರ ಒಂದೇ ಪ್ರತಿ ಯಾರದೋ ಅಟ್ಟದಲ್ಲಿದ್ದರೆ, ಅವಳ ದನಿ ಇರುವುದು ಆ ಅಟ್ಟದಲ್ಲಿ ಮಾತ್ರ. ಇಂಥವನ್ನು ಹುಡುಕಿ ಕಾಪಾಡಲೆಂದೇ 1990ರಲ್ಲಿ ಮುಂಬಯಿಯಲ್ಲಿ ಭಾರತೀಯ ಧ್ವನಿಮುದ್ರಿಕೆ ಸಂಗ್ರಾಹಕರ ಸಂಘ ಹುಟ್ಟಿತು.

ನಿಮ್ಮ ಮನೆಯಲ್ಲೂ ಕರೀ ಪ್ಲೇಟು ಸಿಕ್ಕರೆ ಒಂದರ ಮೇಲೊಂದು ಒಟ್ಟಬೇಡಿ, ಪುಸ್ತಕದಂತೆ ನಿಲ್ಲಿಸಿಡಿ. ಬಿಸಿಲು ತಾಗಿಸಬೇಡಿ. ಮೆತ್ತನೆ ಒಣಬಟ್ಟೆಯಿಂದ ಒರೆಸಿ, ನಡುವಿನ ಕಾಗದದ ಮೇಲಿನ ಹೆಸರು, ನಂಬರು ಬರೆದಿಟ್ಟುಕೊಳ್ಳಿ. ಸ್ಪಿರಿಟ್, ಸ್ಯಾನಿಟೈಸರ್ ಮಾತ್ರ ಹಚ್ಚಲೇಬೇಡಿ. ಅರಗು ಅದರಲ್ಲಿ ಕರಗುತ್ತದೆ, ಹಾಡೂ ಅದರ ಜೊತೆಗೇ ಹೋಗುತ್ತದೆ.