ಮುರಿದ ಹಿಮ್ಮಡಿಗೆ ಶಸ್ತ್ರಕ್ರಿಯೆ

ಎತ್ತರದಿಂದ ಬೀಳುವ ವಸ್ತುವಿನ ಲೆಕ್ಕವನ್ನು ತರಗತಿಯಲ್ಲಿ ಹಾಕಿಸುವಾಗ, ವಸ್ತುವು ನೆಲವನ್ನು ಮುಟ್ಟಿದೊಡನೆ ನಾವು ಲೆಕ್ಕವನ್ನು ಮುಗಿಸಿಬಿಡುತ್ತೇವೆ. ಬಿದ್ದದ್ದು ಕಲ್ಲಾದರೆ ಅಷ್ಟು ಸಾಕು. ಬಿದ್ದವನು ಮನುಷ್ಯನಾದರೆ ನಿಜವಾದ ಲೆಕ್ಕವು ಅಲ್ಲಿಂದಲೇ ಆರಂಭವಾಗುತ್ತದೆ. ಅಡಿಕೆಯ ಮರದಿಂದ ಜಾರಿದ ಕೊನೆಗಾರನಾಗಲಿ, ಸಾರುವೆಯ ಮೇಲಿಂದ ಬಿದ್ದ ಗಾರೆ ಕೆಲಸದವನಾಗಲಿ ಕಾಲೂರಿಕೊಂಡು ಬಿದ್ದರೆ, ಆ ಪೆಟ್ಟನ್ನು ಮೊದಲು ತಾಳಬೇಕಾದುದು ಹಿಮ್ಮಡಿಯ ಮೂಳೆ.

3 ಮೀಟರು ಎತ್ತರದಿಂದ ಬಿದ್ದವನು ನೆಲವನ್ನು ಮುಟ್ಟುವಾಗ ಅವನ ವೇಗ ಸೆಕೆಂಡಿಗೆ ಸುಮಾರು 7.7 ಮೀಟರು, ಎಂದರೆ ಗಂಟೆಗೆ 28 ಕಿಲೋಮೀಟರಿನಷ್ಟು. ಮೊಣಕಾಲುಗಳನ್ನು ಮಡಿಸಿ, ಶರೀರವು 30 ಸೆಂಟಿಮೀಟರು ಕುಸಿಯುವಂತೆ ಅವನು ಇಳಿದರೆ, ನೆಲವು ಅವನನ್ನು ಮೇಲಕ್ಕೊತ್ತುವ ಸರಾಸರಿ ಬಲ ಅವನ ತೂಕದ ಸುಮಾರು 11 ಪಟ್ಟು. ಕಾಲುಗಳನ್ನು ಸೆಟೆದುಕೊಂಡು 3 ಸೆಂಟಿಮೀಟರಿನಲ್ಲೇ ನಿಂತುಬಿಟ್ಟರೆ ಅದು ಸುಮಾರು 100 ಪಟ್ಟು! ಶರೀರವು ಒಂದೇ ಗಟ್ಟಿ ಮುದ್ದೆಯಲ್ಲವಾದುದರಿಂದ ಈ ಲೆಕ್ಕ ಸ್ಥೂಲವಾದುದೇ ಸರಿ. ಆದರೂ ಹಿಮ್ಮಡಿಯ ಪಾಲಿಗೆ ಬರುವ ಹೊರೆ ಎಂತಹದೆಂಬುದು ಇದರಿಂದ ತಿಳಿಯುತ್ತದೆ. ಹೀಗೆ ಮೇಲಕ್ಕೇರಿದ ಬಲವು ಅಲ್ಲಿಗೇ ನಿಲ್ಲುವುದಿಲ್ಲ. ಹಿಮ್ಮಡಿ ಮುರಿದವರಲ್ಲಿ ಸುಮಾರು ನೂರಕ್ಕೆ ಹತ್ತು ಮಂದಿಗೆ ಬೆನ್ನುಮೂಳೆಯೂ ಮುರಿದಿರುತ್ತದೆ. ಆದುದರಿಂದ ಕಾಲು ನೋವೆಂದು ಬಂದವನ ಬೆನ್ನನ್ನೂ ಅನುಭವಿಯಾದ ವೈದ್ಯನು ಪರೀಕ್ಷಿಸದೆ ಬಿಡನು.

ಪಾದದ ಹಿಂಭಾಗದಲ್ಲಿರುವ 7 ಮೂಳೆಗಳಲ್ಲಿ ಹಿಮ್ಮಡಿಯದೇ ಅತಿ ದೊಡ್ಡದು. ಇದಕ್ಕೆ ಕಾಲ್ಕೇನಿಯಸ್ ಎಂದು ಹೆಸರು. ನೋಡಲು ಗಟ್ಟಿಯಾಗಿದ್ದರೂ ಇದರ ಹೊರಗೋಡೆ ತೆಳುವಾದುದು. ಒಳಗೆಲ್ಲ ಇಡ್ಲಿಯ ಒಳಮೈಯಂತೆ ರಂಧ್ರಮಯ. ಆದರೆ ಈ ರಂಧ್ರಗಳ ನಡುವಣ ಎಳೆಗಳು ಮನಬಂದಂತೆ ಹರಡಿದವಲ್ಲ. ನಡೆಯುವಾಗ ಬೀಳುವ ಒತ್ತಡವು ಯಾವ ದಿಕ್ಕಿನಲ್ಲಿ ಹರಿಯುವುದೋ ಆ ದಿಕ್ಕಿನಲ್ಲೇ ಸಾಲುಗೊಂಡಿವೆ. ಮೂಳೆಯ ಹಿಂತುದಿಗೆ ಮೀನಖಂಡದಿಂದ ಇಳಿದುಬರುವ ದಪ್ಪನೆಯ ಸ್ನಾಯುರಜ್ಜು ಅಂಟಿಕೊಂಡಿದೆ. ಹೆಜ್ಜೆಯಿಡುವಾಗ ಹಿಮ್ಮಡಿಯನ್ನು ಮೇಲಕ್ಕೆತ್ತುವುದು ಇದೇ. ಅಂದಮೇಲೆ ಈ ಮೂಳೆಯು ಒಂದು ಸನ್ನೆಗೋಲೂ ಹೌದು. ಇದರ ಮೇಲೆ ಟೇಲಸ್ ಎಂಬ ಮತ್ತೊಂದು ಮೂಳೆ ಕುಳಿತಿದೆ. ಇವೆರಡರ ನಡುವಣ ಕೀಲು ಪಾದವನ್ನು ಒಳಕ್ಕೂ ಹೊರಕ್ಕೂ ವಾಲಿಸುತ್ತದೆ. ಸಮತಟ್ಟಾದ ರಸ್ತೆಯಲ್ಲಿ ನಡೆಯುವವನಿಗೆ ಈ ಕೀಲಿನ ನೆನಪೇ ಬಾರದು. ಗದ್ದೆಯ ಬದುವಿನ ಮೇಲೋ ಕಲ್ಲುಗುಡ್ಡದಲ್ಲೋ ನಡೆದರೆ ಹೆಜ್ಜೆಹೆಜ್ಜೆಗೂ ಅದು ಬೇಕು.

ಮೇಲಿಂದ ಬಿದ್ದಾಗ ಶರೀರದ ಭಾರವೆಲ್ಲ ಟೇಲಸ್ಸಿನ ಮೂಲಕ ಇಳಿಯುತ್ತದೆ. ಸೌದೆ ಸೀಳುವವನು ಬೆಣೆಯನ್ನು ಹೊಡೆದಂತೆ, ಟೇಲಸ್ಸಿನ ಚೂಪಾದ ಅಂಚು ಹಿಮ್ಮಡಿಯ ಮೂಳೆಯೊಳಕ್ಕೆ ನುಗ್ಗುತ್ತದೆ. ಕೀಲಿನ ನುಣುಪಾದ ಮೇಲ್ಮೈ ಒಡೆದು ಒಳಗಿನ ಮೆತು ಭಾಗಕ್ಕೆ ಹೂತುಹೋಗುತ್ತದೆ, ಹೊರಗೋಡೆಯು ಉಬ್ಬುತ್ತದೆ, ಮೂಳೆಯ ಎತ್ತರ ಕುಗ್ಗಿ ಅಗಲ ಹೆಚ್ಚುತ್ತದೆ. ಹಿಮ್ಮಡಿಯ ಮುರಿತಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಇಂತಹವೇ. ಇದನ್ನು ಹಾಗೆಯೇ ಬಿಟ್ಟರೆ ಮುರಿದ ಚೂರುಗಳು ಕೂಡಿಕೊಳ್ಳುವುವು ನಿಜ, ಆದರೆ ವಕ್ರವಾಗಿ. ಸನ್ನೆಗೋಲು ಮೊಟಕಾದುದರಿಂದ ಮೀನಖಂಡದ ಶಕ್ತಿ ವ್ಯರ್ಥವಾಗುತ್ತದೆ. ಅಗಲವಾದ ಹಿಮ್ಮಡಿ ಪಾದರಕ್ಷೆಯೊಳಗೆ ಹಿಡಿಯದು. ಒರಟಾದ ಕೀಲು ಕಾಲಕ್ರಮದಲ್ಲಿ ಸವೆದು ನೋಯತೊಡಗುತ್ತದೆ.

ಹಾಗಾದರೆ ಕೊಯ್ದು, ಚೂರುಗಳನ್ನು ಜೋಡಿಸಿ, ಹಿಂದಿನ ಆಕಾರವನ್ನೇ ಕೊಟ್ಟುಬಿಡಬಾರದೆ? ಪ್ರಶ್ನೆ ಸರಳವಾಗಿ ಕಾಣುತ್ತದೆ. ಶಸ್ತ್ರವೈದ್ಯರು ನೂರು ವರ್ಷಕ್ಕೂ ಹೆಚ್ಚು ಕಾಲ ಇದನ್ನು ಕುರಿತು ವಾದಿಸಿದ್ದಾರೆ.

ಅಮೆರಿಕದ ಬಾಸ್ಟನ್ ನಗರದ ಕಾಟನ್ ಮತ್ತು ವಿಲ್ಸನ್ ಎಂಬವರು 1908ರಲ್ಲಿ ಕೊಯ್ಯಲೇಬಾರದೆಂದರು. ಸೋಂಕಿನ ಭಯ ಅಷ್ಟಿತ್ತು. ಅವರ ಉಪಾಯವನ್ನು ಕೇಳಿದರೆ ಓದುಗರು ಬೆಚ್ಚಿಬೀಳಬಹುದು: ಪಾದದ ಒಳಬದಿಗೆ ಮರಳಿನ ಚೀಲವನ್ನಿಟ್ಟು, ಹೊರಬದಿಯ ಉಬ್ಬಿನ ಮೇಲೆ ದಪ್ಪ ಬಟ್ಟೆಯನ್ನು ಹಾಸಿ, ಸುತ್ತಿಗೆಯಿಂದ ಹೊಡೆದು ಅದನ್ನು ಒಳಕ್ಕೆ ಕೂರಿಸುವುದು! ಹಿಮ್ಮಡಿ ಮುರಿದ ಕೂಲಿಗಾರನ ದುಡಿಮೆಯ ಬಾಳು ಮುಗಿದಂತೆಯೇ ಎಂದು ಆ ಕಾಲದಲ್ಲಿ ಭಾವಿಸಿದ್ದರು.

ವಿಯೆನ್ನಾದ ಲೊರೆನ್ಜ್ ಬೋಲರನು ಈ ಚರ್ಚೆಗೆ ಒಂದು ಅಳತೆಗೋಲನ್ನು ತಂದುಕೊಟ್ಟನು. ಪಾರ್ಶ್ವದಿಂದ ತೆಗೆದ ಕ್ಷ-ಕಿರಣ ಚಿತ್ರದಲ್ಲಿ ಹಿಮ್ಮಡಿಯ ಮೂಳೆಯ ಮೇಲಂಚಿನ ಮೇಲೆ ಮೂರು ಎತ್ತರದ ಬಿಂದುಗಳು ಕಾಣುತ್ತವೆ: ಹಿಂದೊಂದು, ಕೀಲಿನ ಬಳಿ ಒಂದು, ಮುಂದೊಂದು. ಹಿಂದಿನದರಿಂದಲೂ ಮುಂದಿನದರಿಂದಲೂ ನಡುವಣ ಬಿಂದುವಿಗೆ ಒಂದೊಂದು ಸರಳರೇಖೆಯನ್ನು ಎಳೆದು, ಒಂದನ್ನು ಮುಂದಕ್ಕೆ ಬೆಳೆಸಿದರೆ ಅವೆರಡರ ನಡುವೆ ಒಂದು ಕೋನ ದೊರೆಯುತ್ತದೆ. ಆರೋಗ್ಯವಂತನಲ್ಲಿ ಇದು 20ರಿಂದ 40 ಡಿಗ್ರಿ. ಕೀಲು ಕುಸಿದಷ್ಟೂ ಕೋನ ಕುಗ್ಗುತ್ತದೆ. ಕೆಲವೊಮ್ಮೆ ಸೊನ್ನೆಗಿಂತಲೂ ಕೆಳಗಿಳಿಯುತ್ತದೆ. 1931ರಲ್ಲಿ ಅವನು ವಿವರಿಸಿದ ಈ ಕೋನವನ್ನು ವೈದ್ಯರು ಇಂದಿಗೂ ಅಳೆಯುತ್ತಾರೆ. ಶಾಲೆಯ ರೇಖಾಗಣಿತಕ್ಕೆ ಇಷ್ಟು ದೀರ್ಘಾಯುಷ್ಯ ದೊರೆತಿರುವುದು ನಮಗೆ ಸಂತೋಷದ ಸಂಗತಿ.

ಸ್ವೀಡನ್ನಿನ ಪಾಮರ್ 1948ರಲ್ಲಿ, ಹೂತುಹೋದ ಕೀಲಿನ ಚೂರನ್ನು ಕೊಯ್ದು ಮೇಲೆತ್ತಿ, ಅದರಡಿಯ ಪೊಳ್ಳಿಗೆ ಮೂಳೆಯನ್ನು ತುಂಬುವ ವಿಧಾನವನ್ನು ಪ್ರಕಟಿಸಿದನು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಎಸೆಕ್ಸ್-ಲೊಪ್ರೆಸ್ಟಿ ಈ ಮುರಿತಗಳನ್ನು ಎರಡು ಬಗೆಯಾಗಿ ವಿಂಗಡಿಸಿದನು. ಒಂದರಲ್ಲಿ ಕೀಲಿನ ಚೂರು ಮಾತ್ರ ಕುಸಿಯುತ್ತದೆ. ಇನ್ನೊಂದರಲ್ಲಿ ಅದು ಹಿಮ್ಮಡಿಯ ಹಿಂತುದಿಯವರೆಗೂ ನಾಲಗೆಯಂತೆ ಚಾಚಿರುತ್ತದೆ. ಹಿಂದಿನಿಂದ ಒಂದು ಉಕ್ಕಿನ ಸರಳನ್ನು ತೂರಿಸಿ, ಆ ನಾಲಗೆಯನ್ನು ಮೀಟಿ ಎತ್ತಬಹುದು. ಮಹಾಯುದ್ಧದಲ್ಲಿ ಧುಮುಕುಕೊಡೆಯ ಸೈನಿಕರ ಶಸ್ತ್ರವೈದ್ಯನಾಗಿದ್ದ ಈತ 1951ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡನು. ಅವನ ಪ್ರಬಂಧ ಅಚ್ಚಾದುದು ಮರುವರ್ಷ.

ಆದರೆ ಕ್ಷ-ಕಿರಣ ಚಿತ್ರವೆಂಬುದು ನೆರಳು. ಒಂದರ ಮೇಲೊಂದು ಬಿದ್ದ ಚೂರುಗಳನ್ನು ಅದು ಬೇರ್ಪಡಿಸಿ ತೋರಿಸದು. ಭೌತವಿಜ್ಞಾನಿ ಕಾರ್ಮಾಕ್ ಮತ್ತು ಎಂಜಿನಿಯರ್ ಹೌನ್ಸ್‌ಫೀಲ್ಡ್ ಇವರ ದುಡಿಮೆಯಿಂದ ಸಿ.ಟಿ. ಸ್ಕ್ಯಾನ್ ಬಂದ ಮೇಲೆ (ಇಬ್ಬರಿಗೂ 1979ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು) ಮೂಳೆಯನ್ನು ಪದರಪದರವಾಗಿ ನೋಡುವುದು ಸಾಧ್ಯವಾಯಿತು. ಇದನ್ನು ಆಧರಿಸಿ ಅಮೆರಿಕದ ಸ್ಯಾಂಡರ್ಸ್ 1993ರಲ್ಲಿ ಕೀಲಿನ ಮೇಲ್ಮೈ ಎಷ್ಟು ಚೂರಾಗಿದೆ ಎಂಬುದರಂತೆ ನಾಲ್ಕು ವರ್ಗಗಳನ್ನು ಮಾಡಿದನು. ಚೂರುಗಳು ಹೆಚ್ಚಿದಷ್ಟೂ ಶಸ್ತ್ರಕ್ರಿಯೆಯ ಫಲ ಕಡಮೆ.

ಇಂದು ಈ ಶಸ್ತ್ರಕ್ರಿಯೆ ಹೇಗೆ ನಡೆಯುತ್ತದೆ? ಮೊದಲನೆಯ ಕೆಲಸ ಕಾಯುವುದು. ಪಾದವು ಊದಿಕೊಂಡಿರುವಾಗ ಕೊಯ್ದರೆ ಗಾಯ ಕೂಡದು. ಕಾಲನ್ನು ಎತ್ತರದಲ್ಲಿರಿಸಿ, ಬಾವು ಇಳಿದು ಚರ್ಮದ ಮೇಲೆ ಸುಕ್ಕುಗಳು ಮರಳಿ ಕಾಣುವವರೆಗೆ ಒಂದೆರಡು ವಾರ ಕಾಯುತ್ತಾರೆ. ಕೋಟಿ ಬೆಲೆಯ ಯಂತ್ರಗಳಿರುವ ಆಸ್ಪತ್ರೆಯಲ್ಲೂ ಈ ನಿರ್ಣಯ ಬರಿಗಣ್ಣಿನದು! ಇದಕ್ಕೆ ಅಪವಾದವೂ ಉಂಟು. ನಾಲಗೆಯಾಕಾರದ ಚೂರು ಹಿಂದಿನ ಚರ್ಮವನ್ನು ಒಳಗಿನಿಂದ ಒತ್ತುತ್ತಿದ್ದರೆ ಆ ಚರ್ಮ ಗಂಟೆಗಳಲ್ಲಿ ಸಾಯಬಹುದು, ಆಗ ತಡಮಾಡುವಂತಿಲ್ಲ. ಮೂಳೆಯು ಚರ್ಮವನ್ನು ಸೀಳಿ ಬಂದಿದ್ದರೂ ಹಾಗೆಯೇ.

ಪಾದದ ಹೊರಬದಿಯಲ್ಲಿ ಮೂಲೆಮಟ್ಟದ ಆಕಾರದಲ್ಲಿ ಕೊಯ್ದು, ಚರ್ಮವನ್ನು ಮೂಳೆಯವರೆಗೂ ಒಂದೇ ಪದರವಾಗಿ ಎತ್ತುತ್ತಾರೆ. ಒಡೆದ ಹೊರಗೋಡೆಯನ್ನು ಕದ ತೆರೆದಂತೆ ಸರಿಸಿದರೆ ಹೂತ ಕೀಲು ಕಾಣುತ್ತದೆ. ಅದನ್ನು ಮೇಲೆತ್ತಿ ತಂತಿಗಳಿಂದ ತಾತ್ಕಾಲಿಕವಾಗಿ ಹಿಡಿದಿಟ್ಟು, ಕ್ಷ-ಕಿರಣದ ಪರದೆಯ ಮೇಲೆ ಪರೀಕ್ಷಿಸಿ, ಲೋಹದ ಪಟ್ಟಿ ಮತ್ತು ತಿರುಪುಗಳಿಂದ ಭದ್ರಪಡಿಸುತ್ತಾರೆ. ಇಷ್ಟೆಲ್ಲ ಆದಮೇಲೂ ತೊಂದರೆ ಬರುವುದು ಮೂಳೆಯಿಂದಲ್ಲ, ಚರ್ಮದಿಂದ. ಅಲ್ಲಿ ಚರ್ಮ ತೆಳು, ಅಡಿಯಲ್ಲಿ ಮಾಂಸವಿಲ್ಲ. ಕೊಯ್ತದ ಮೂಲೆಗೆ ರಕ್ತ ಸಾಲದೆ ಗಾಯ ಬಿರಿಯಬಹುದು. ಧೂಮಪಾನಿಗಳಿಗೂ ಮಧುಮೇಹಿಗಳಿಗೂ ಈ ಅಪಾಯ ಹೆಚ್ಚು. ಆದುದರಿಂದ ಈಚೆಗೆ ಹಲವರು ಕೀಲಿನ ಮಟ್ಟದಲ್ಲಿ ಕೆಲವೇ ಸೆಂಟಿಮೀಟರು ಕೊಯ್ದು ಕೆಲಸ ಮುಗಿಸುವ ವಿಧಾನವನ್ನು ಹಿಡಿದಿದ್ದಾರೆ.

ಕೋನವು ಸರಿಹೋಯಿತು, ರೋಗಿ ಸುಖಿಯಾದನೆ? ಕೆನಡಾದಲ್ಲಿ 424 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ಶಸ್ತ್ರಕ್ರಿಯೆ ನಡೆಸಿದರು. 2002ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಒಟ್ಟಾರೆ ಅಂತರ ಕಾಣಲಿಲ್ಲ. ಆದರೆ ಸ್ತ್ರೀಯರಿಗೂ, ಕಿರಿಯ ವಯಸ್ಸಿನವರಿಗೂ, ಕೆಲಸದ ಅಪಘಾತಕ್ಕಾಗಿ ಪರಿಹಾರಧನವನ್ನು ಪಡೆಯದಿದ್ದವರಿಗೂ ಶಸ್ತ್ರಕ್ರಿಯೆಯಿಂದ ಹೆಚ್ಚು ಒಳಿತಾಗಿತ್ತು. ಬ್ರಿಟನ್ನಿನಲ್ಲಿ 151 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ಎರಡು ವರ್ಷಗಳ ಬಳಿಕ ಎರಡು ಗುಂಪುಗಳ ನೋವೂ ನಡಿಗೆಯೂ ಒಂದೇ ಬಗೆಯಾಗಿದ್ದುವು. ತೊಡಕುಗಳು ಮಾತ್ರ ಶಸ್ತ್ರಕ್ರಿಯೆಯವರಲ್ಲಿ ನೂರಕ್ಕೆ 23, ಉಳಿದವರಲ್ಲಿ 4. ತೀರ ವಿಕಾರಗೊಂಡ ಹಿಮ್ಮಡಿಗಳನ್ನು ಆ ಪರೀಕ್ಷೆಗೆ ಸೇರಿಸಿರಲಿಲ್ಲವೆಂಬುದನ್ನೂ ಗಮನಿಸಬೇಕು.

ಚಿತ್ರ ಸರಿಯಾದರೂ ಕಾಲು ಏಕೆ ಸರಿಯಾಗದು? ನಮಗೆ ತೋರುವ ಮಟ್ಟಿಗೆ ಉತ್ತರವು ಬಿದ್ದ ಕ್ಷಣದಲ್ಲೇ ಅಡಗಿದೆ. ಪೆಟ್ಟಿನ ಶಕ್ತಿಯೆಲ್ಲ ಮೂಳೆಯನ್ನು ಒಡೆಯುವುದರಲ್ಲೇ ವ್ಯಯವಾಗುವುದಿಲ್ಲ. ಕೀಲಿನ ಮೇಲಣ ಮೃದ್ವಸ್ಥಿಯನ್ನೂ ಹಿಮ್ಮಡಿಯಡಿಯ ಕೊಬ್ಬಿನ ಮೆತ್ತೆಯನ್ನೂ ಜಜ್ಜುತ್ತದೆ. ತಿರುಪುಗಳು ಆಕಾರವನ್ನು ಕೊಡಬಲ್ಲುವು, ಸತ್ತ ಮೃದ್ವಸ್ಥಿಗೆ ಜೀವವನ್ನು ಕೊಡಲಾರವು. ಹಾಗೆಂದು ಶಸ್ತ್ರಕ್ರಿಯೆ ನಿಷ್ಪ್ರಯೋಜಕವೆಂದು ಹೇಳುವುದು ದುಡುಕಾದೀತು. ಕೆನಡಾದ ಪರೀಕ್ಷೆಯಲ್ಲಿ, ನೋವು ತಾಳಲಾರದೆ ಮುಂದೆ ಕೀಲನ್ನೇ ಬೆಸೆಯಿಸಿಕೊಳ್ಳಬೇಕಾಗಿ ಬಂದವರು ಶಸ್ತ್ರಕ್ರಿಯೆಯಿಲ್ಲದ ಗುಂಪಿನಲ್ಲಿ ಹಲವು ಪಟ್ಟು ಹೆಚ್ಚಾಗಿದ್ದರು.

ಹೀಗೆ ಬೆಸೆಯುವಾಗ ಕೀಲಿನ ಎರಡು ಮೈಗಳನ್ನೂ ಕೆರೆದು ತಿರುಪು ಹಾಕಿ, ಎರಡು ಮೂಳೆಗಳೂ ಒಂದಾಗುವಂತೆ ಮಾಡುತ್ತಾರೆ. ಬಹುಮಟ್ಟಿಗೆ ನೋವು ಹೋಗುತ್ತದೆ, ಅದರೊಡನೆ ಪಾದದ ವಾಲಾಟವೂ ಹೋಗುತ್ತದೆ. ಅಂಥವನು ಪೇಟೆಯ ಬೀದಿಯಲ್ಲಿ ನಡೆದರೆ ನೋಡಿದವರಿಗೆ ಭೇದ ತಿಳಿಯದು. ತೋಟದ ಇಳಿಜಾರಿಗೆ ಕಾಲಿಟ್ಟಾಗ ಮಾತ್ರ ಅವನು ನೆಲವನ್ನು ನೋಡಿಕೊಂಡು ಹೆಜ್ಜೆಯಿಡುತ್ತಾನೆ.